ಬಾಂದೇಹಾ: ಒಂದು ಹೊಡೆತದ ಚರಿತ್ರೆ

ಆಟದ ನಿಯಮಗಳನ್ನು ಮನುಷ್ಯರೇ ಬರೆಯುತ್ತಾರೆಂಬುದು ನಿಜವಾದರೂ, ಆ ನಿಯಮಗಳ ಮೇರೆಯೊಳಗೆ ಆಟಗಾರನ ಕೈ ಯಾವ ರೀತಿಯಲ್ಲಿ ಚಲಿಸಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಆಟ ನಡೆಯುವ ಸ್ಥಳವೇ. ತೆರೆದ ಬಯಲಿನಲ್ಲಿ ಬೆಳೆದ ಆಟದಲ್ಲಿ ತೋಳಿನ ಬಲಕ್ಕೆ ಸಲ್ಲುವ ಮನ್ನಣೆ, ಗೋಡೆಗಳ ನಡುವೆ ಬೆಳೆದ ಆಟದಲ್ಲಿ ಅಷ್ಟೇ ಸುಲಭವಾಗಿ ಸಲ್ಲುವುದಿಲ್ಲ. ಟೆನ್ನಿಸ್ ಆಡುವವನಿಗೆ ತಲೆಯ ಮೇಲೆ ತೇಲಿ ಬರುವ ಚೆಂಡು ಎದುರಾಳಿಯೇ ಒಪ್ಪಿಸಿದ ಅಂಕಕ್ಕೆ ಸಮಾನ. ಅವನು ಅದನ್ನು ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಹೊಡೆಯುತ್ತಾನೆ, ಚೆಂಡು ನೆಲವನ್ನು ತಾಗಿ ಎದುರಾಳಿಯ ಕೈಗೆಟುಕದಂತೆ ಹಾರಿಹೋಗುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ಪ್ಯಾಡೆಲ್ ಎಂಬ ಆಟದಲ್ಲಿ ಅದೇ ಚೆಂಡು ಅದೇ ಎತ್ತರದಲ್ಲಿ ಬಂದಾಗ ಅನುಭವಸ್ಥನಾದ ಆಟಗಾರನು ಪಕ್ಕಕ್ಕೆ ತಿರುಗಿ, ಕೈಯನ್ನು ಮುಂಚಿತವಾಗಿಯೇ ಎತ್ತಿ, ಅರ್ಧ ಬಲದಿಂದ ಚೆಂಡಿನ ಮೈಯನ್ನು ಸವರಿ ಕಳುಹಿಸಿ, ಒಡನೆಯೇ ತಾನು ಬಿಟ್ಟುಬಂದ ಸ್ಥಾನಕ್ಕೆ ಹಿಂದಿರುಗುತ್ತಾನೆ. ಸ್ಪ್ಯಾನಿಷ್ ಮಾತನಾಡುವ ಜನ ಬಾಂದೇಹಾ, ಅಂದರೆ ತಟ್ಟೆ, ಎಂದು ಕರೆಯುವ ಈ ರಕ್ಷಣಾತ್ಮಕ ಹೊಡೆತವು ಯಾವ ಕಾರಣಗಳಿಂದ ಅವಶ್ಯಕವಾಯಿತು, ಯಾವ ದೇಶಗಳಲ್ಲಿ ಹದಗೊಂಡಿತು, ಕಲಿಯುವವರು ಅದನ್ನು ಉತ್ತಮಪಡಿಸಿಕೊಳ್ಳಲು ಆ ಚರಿತ್ರೆಯಿಂದ ಯಾವ ನೆರವು ದೊರೆಯುತ್ತದೆ ಎಂಬುದನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಈ ಆಟದ ಜನ್ಮಸ್ಥಳ ಮೆಕ್ಸಿಕೋ ದೇಶದ ಪೆಸಿಫಿಕ್ ಕರಾವಳಿಯಲ್ಲಿರುವ ಅಕಾಪುಲ್ಕೋ ನಗರ. ಅಲ್ಲಿಯ ಲಾಸ್ ಬ್ರಿಸಾಸ್ ಎಂಬ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ಎನ್ರಿಕೆ ಕೊರ್ಕುಯೆರಾ ಎಂಬ ಉದ್ಯಮಿಗಳು 1969ರಲ್ಲಿ ತಮ್ಮ ಮನೆಯ ಆವರಣದಲ್ಲಿ ಟೆನ್ನಿಸ್ ಆಡಲು ಒಂದು ಅಂಕಣವನ್ನು ನಿರ್ಮಿಸಲು ಇಚ್ಛಿಸಿದರಾದರೂ, ಅದಕ್ಕೆ ಸಾಲುವಷ್ಟು ನೆಲ ಅವರಲ್ಲಿರಲಿಲ್ಲವಾದುದರಿಂದ, ಇದ್ದ ಸ್ಥಳದಲ್ಲಿ 20 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಕಿರಿದಾದ ಅಂಕಣವನ್ನು ಗೋಡೆಗಳಿಂದ ಸುತ್ತುವರಿದು ಕಟ್ಟಿಸಿ, ಗೋಡೆಗೆ ಬಡಿದು ಬರುವ ಚೆಂಡನ್ನೂ ಆಡಬಹುದೆಂಬ ನಿಯಮವನ್ನು ಬಳಕೆಗೆ ತಂದರು. ಅರ್ಜೆಂಟೀನಾ ದೇಶದವರಾದ ಅವರ ಪತ್ನಿ ವಿವಿಯಾನಾ ಅವರು ಆಟದ ಮೊದಲ ನಿಯಮಾವಳಿಯನ್ನು ಬರೆದರೆಂದು ಪ್ರತೀತಿಯುಂಟು. ಸ್ಥಳದ ಅಭಾವವೆಂಬ ಸಾಮಾನ್ಯ ಕಾರಣದಿಂದ ಎದ್ದ ಆ ಗೋಡೆಗಳೇ ಮುಂದೆ ಈ ಆಟದ ಸಮಸ್ತ ವೈಶಿಷ್ಟ್ಯಕ್ಕೂ ಮೂಲವಾದುವು.

ಗೋಡೆಯನ್ನು ಆಟದ ಅಂಗವಾಗಿ ಮಾಡಿಕೊಂಡವರಲ್ಲಿ ಕೊರ್ಕುಯೆರಾ ಅವರು ಮೊದಲಿಗರೇನೂ ಅಲ್ಲ. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ ವಾಸಿಸುವ ಬಾಸ್ಕ್ ಜನಾಂಗದವರು ಎತ್ತರವಾದ ಗೋಡೆಗೆ ಚೆಂಡನ್ನು ಹೊಡೆದು ಆಡುವ ಪೆಲೋಟಾ ಆಟವನ್ನು ಬಹುಕಾಲದಿಂದ ಆಡಿಕೊಂಡು ಬಂದಿದ್ದಾರೆ. ವಲಸೆ ಹೋದ ಬಾಸ್ಕರೊಡನೆ ಆ ಆಟ ದಕ್ಷಿಣ ಅಮೆರಿಕವನ್ನು ಮುಟ್ಟಿ, ಅರ್ಜೆಂಟೀನಾದಲ್ಲಿ ಪಾಲೆಟಾ ಎಂಬ ಮರದ ಹಲಗೆಯಿಂದ ಆಡುವ ರೂಪವನ್ನು ತಾಳಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನ್ಯೂಯಾರ್ಕ್ ಬಳಿಯ ಸ್ಕಾರ್ಸ್‌ಡೇಲ್ ಎಂಬ ಊರಿನಲ್ಲಿ 1928ರಲ್ಲಿ ಫೆಸೆಂಡೆನ್ ಬ್ಲಾಂಚರ್ಡ್ ಮತ್ತು ಜೇಮ್ಸ್ ಕಾಗ್ಸ್‌ವೆಲ್ ಎಂಬ ಇಬ್ಬರು ಚಳಿಗಾಲದಲ್ಲಿಯೂ ಆಡಲು ಅನುಕೂಲವಾಗಲೆಂದು ಮರದ ಜಗಲಿಯ ಮೇಲೆ ಪ್ಲಾಟ್‌ಫಾರ್ಮ್ ಟೆನ್ನಿಸ್ ಎಂಬ ಆಟವನ್ನು ಕಲ್ಪಿಸಿದಾಗ, ಚೆಂಡು ಹೊರಗೆ ಹೋಗದಂತೆ ಕಟ್ಟಿದ ತಂತಿಯ ಜಾಲರಿಯೂ ಕಾಲಕ್ರಮದಲ್ಲಿ ಆಟದೊಳಗೆ ಸೇರಿಹೋಯಿತು. ಆ ಆಟದಲ್ಲಿಯೂ ತಲೆಯ ಮೇಲಿನ ಚೆಂಡನ್ನು ರಭಸದಿಂದ ಹೊಡೆದವನಿಗಿಂತ ಸ್ಥಾನ ನೋಡಿ ಇಟ್ಟವನಿಗೇ ಹೆಚ್ಚಿನ ಲಾಭವಾಗುತ್ತಿದ್ದಿತೆಂಬುದು ಗಮನಾರ್ಹ. ಹಿಂಬದಿಯಲ್ಲಿ ತಡೆಯೊಂದು ಇರುವಲ್ಲೆಲ್ಲ ಬಲದ ಬೆಲೆ ಇಳಿಯುತ್ತದೆಂಬ ಸತ್ಯ, ಪ್ಯಾಡೆಲ್ ಹುಟ್ಟುವುದಕ್ಕೆ 40 ವರ್ಷಗಳ ಮೊದಲೇ ಹೀಗೆ ಬೇರೊಂದು ಅಂಕಣದಲ್ಲಿ ಪ್ರಕಟವಾಗಿದ್ದಿತು.

ಈ ಇಳಿಕೆಗೆ ಕಾರಣವನ್ನು ಅಳತೆಗಳಿಂದಲೇ ತಿಳಿಯಬಹುದು. ಇಬ್ಬರಿಬ್ಬರು ಆಡುವ ಟೆನ್ನಿಸ್ ಅಂಕಣದ ಉದ್ದ 23.77 ಮೀಟರ್, ಅಗಲ 10.97 ಮೀಟರ್, ಅದಲ್ಲದೆ ಹಿಂದಿನ ಗೆರೆಯಿಂದಾಚೆಗೆ ಓಡಾಡಲು 6.40 ಮೀಟರುಗಳಷ್ಟು ಬಯಲು ಬೇಕೆಂಬ ಪದ್ಧತಿಯುಂಟು. ಆ ಬಯಲೇ ಸ್ಮ್ಯಾಶ್, ಅಂದರೆ ತಲೆಯ ಮೇಲಿನ ಚೆಂಡಿಗೆ ಪೂರ್ಣಬಲದ ಏಟು, ಹೊಡೆಯುವವನ ಮಿತ್ರ. ನೆಲದಿಂದ ಚಿಮ್ಮಿದ ಚೆಂಡು ಅತ್ತ ಹೋಯಿತೆಂದರೆ ಮರಳಿ ಬಾರದು. ಪ್ಯಾಡೆಲ್ ಅಂಕಣದಲ್ಲಿ ಬಲೆಯಿಂದ 10 ಮೀಟರುಗಳಷ್ಟು ಹಿಂದೆ 3 ಮೀಟರ್ ಎತ್ತರದ ಗೋಡೆಯೂ ಅದರ ಮೇಲೆ ಇನ್ನೊಂದು ಮೀಟರ್ ಎತ್ತರದ ಜಾಲರಿಯೂ ನಿಂತಿರುತ್ತವೆ. ಎರಡು ಪಕ್ಕಗಳ ಮೂಲೆಗಳಲ್ಲಿ ಗೋಡೆ, ನಡುವೆ ಜಾಲರಿ. ಚೆಂಡು ಎದುರಾಳಿಯ ನೆಲದಲ್ಲಿ ಒಮ್ಮೆ ಪುಟಿದ ಮೇಲೆ ಗೋಡೆಗೆ ತಾಗಿ ಹಿಂದಿರುಗಿದರೆ, ಎರಡನೆಯ ಬಾರಿ ನೆಲ ಮುಟ್ಟುವುದರೊಳಗಾಗಿ ಅವನು ಅದನ್ನು ಹೊಡೆಯಬಹುದು. ಆದುದರಿಂದ ಚೆಂಡು ಹೆಚ್ಚು ರಭಸದಿಂದ ಹೋದಷ್ಟೂ ಗೋಡೆ ಅದನ್ನು ಹೆಚ್ಚು ರಭಸದಿಂದ ಹಿಂದಕ್ಕೆ ತಳ್ಳಿ, ಎದುರಾಳಿಯ ಮುಂದೆ, ಅವನ ಸೊಂಟದ ಎತ್ತರಕ್ಕೆ, ನಿರಾಯಾಸವಾಗಿ ತಂದೊಪ್ಪಿಸುತ್ತದೆ. ಹೊಡೆದವನು ತನ್ನ ಭಾರವನ್ನೆಲ್ಲ ಆ ಹೊಡೆತದಲ್ಲಿ ಚೆಲ್ಲಿ ಸಮತೋಲ ತಪ್ಪಿ ನಿಂತಿರುವಾಗ ಎದುರಾಳಿಗೆ ಬಿಡುವೂ ಎತ್ತರವೂ ಒಟ್ಟಿಗೆ ದೊರೆಯುತ್ತವೆ. ಟೆನ್ನಿಸ್‌ನಲ್ಲಿ ವಿಜಯವನ್ನು ತರುವ ಹೊಡೆತ ಇಲ್ಲಿ ಪರಾಜಯಕ್ಕೆ ಹಾದಿಯಾಗುವುದು ಹೀಗೆ.

ಅಕಾಪುಲ್ಕೋದ ಈ ಮನೆಯಂಗಳದ ಆಟ ಸಮುದ್ರವನ್ನು ದಾಟಿದ್ದು ಸ್ನೇಹದ ಮೂಲಕ. ಸ್ಪೇನ್ ದೇಶದ ದಕ್ಷಿಣ ಕರಾವಳಿಯಲ್ಲಿ ಮಾರ್ಬೆಯಾ ಕ್ಲಬ್ ಎಂಬ ವಿಹಾರಧಾಮವನ್ನು 1954ರಲ್ಲಿ ಸ್ಥಾಪಿಸಿದ್ದ ರಾಜಕುಮಾರ ಅಲ್ಫೊನ್ಸೋ ಡಿ ಹೋಹೆನ್‌ಲೋಹೆ ಅವರು ಕೊರ್ಕುಯೆರಾ ಅವರ ಮಿತ್ರರಾಗಿದ್ದು, ಅವರ ಮನೆಗೆ ಅತಿಥಿಯಾಗಿ ಬಂದು, ಈ ಆಟವನ್ನು ಆಡಿ ಮೆಚ್ಚಿ, 1974ರಲ್ಲಿ ತಮ್ಮ ಕ್ಲಬ್ಬಿನಲ್ಲಿ ಎರಡು ಅಂಕಣಗಳನ್ನು ಕಟ್ಟಿಸಿದರು. 1966ರಲ್ಲಿ ವಿಂಬಲ್ಡನ್ ಪ್ರಶಸ್ತಿಯನ್ನು ಗೆದ್ದಿದ್ದ ಮನೋಲೊ ಸಾಂತಾನಾ ಅವರಂಥ ಟೆನ್ನಿಸ್ ವೀರರು ಅಲ್ಲಿ ಆಡಿ, ಅದರ ಪ್ರಚಾರಕ್ಕೆ ನೆರವಾದರು. ಆದರೆ ಸಿರಿವಂತರ ವಿನೋದವಾಗಿ ಸ್ಪೇನ್‌ಗೆ ಬಂದ ಆಟ ಕೆಲವು ಕಾಲ ಸಿರಿವಂತರ ವಿನೋದವಾಗಿಯೇ ಉಳಿಯಿತು. ಅದು ಜನಸಾಮಾನ್ಯರ ಕೈಗೆ ಬಂದು, ಅಲ್ಲಿಯ ದೈನಂದಿನ ಘರ್ಷಣೆಯಲ್ಲಿ ತನ್ನ ಶಾಸ್ತ್ರವನ್ನು ಕಂಡುಕೊಂಡದ್ದು ಮತ್ತೊಂದು ದೇಶದಲ್ಲಿ.

ಆ ದೇಶ ಅರ್ಜೆಂಟೀನಾ. ಮಾರ್ಬೆಯಾ ಕ್ಲಬ್ಬಿನ ಸದಸ್ಯರಾಗಿದ್ದ ಹೂಲಿಯೊ ಮೆಂದಿತೇಗಿ ಎಂಬ ಅರ್ಜೆಂಟೀನಾದವರು 1975ರಲ್ಲಿ ಈ ಆಟವನ್ನು ತಮ್ಮ ನಾಡಿಗೆ ಕೊಂಡೊಯ್ದರು. ಪಾಲೆಟಾ ಹಲಗೆಯಿಂದ ಗೋಡೆಗೆ ಹೊಡೆದು ಅಭ್ಯಾಸವಿದ್ದ ಜನರಿಗೆ ಗೋಡೆಯಿಂದ ಹಿಂದಿರುಗುವ ಚೆಂಡಿನ ಗತಿ ಅಪರಿಚಿತವಾಗಿರಲಿಲ್ಲ. ಟೆನ್ನಿಸ್ ಅಂಕಣಕ್ಕೂ ಅದರ ಸುತ್ತಣ ಬಯಲಿಗೂ ಬೇಕಾದ ನೆಲದ ಮೂರನೆಯ ಒಂದು ಪಾಲಿಗಿಂತ ಕಡಮೆ ನೆಲದಲ್ಲಿ ಪ್ಯಾಡೆಲ್ ಅಂಕಣವೊಂದು ಹಿಡಿಸುತ್ತಿದ್ದುದರಿಂದಲೂ, ಸಿಮೆಂಟಿನ ನೆಲ ಮತ್ತು ಗಾರೆಯ ಗೋಡೆಗಳನ್ನು ಯಾವ ಮೇಸ್ತ್ರಿಯಾದರೂ ಕಟ್ಟಬಲ್ಲವನಾದುದರಿಂದಲೂ, ಚೆಂಡನ್ನು ಸೊಂಟದ ಕೆಳಗಿನಿಂದ ಸರ್ವ್ ಮಾಡಬೇಕೆಂಬ ನಿಯಮದಿಂದಾಗಿ ಹೊಸಬರೂ ಹಿರಿಯರೂ ಮೊದಲ ದಿನದಿಂದಲೇ ಆಡಬಹುದಾಗಿದ್ದುದರಿಂದಲೂ, 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಅಲ್ಲಿಯ ಊರೂರುಗಳಲ್ಲಿ ಅಂಕಣಗಳು ಎದ್ದುವು, ಆಡುವವರ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. ಅಲೆಹಾಂದ್ರೊ ಲಾಸಾಯ್ಗೆಸ್ ಮತ್ತು ರೊಬೆರ್ತೊ ಗಟ್ಟಿಕೆರ್ ಅವರ ಜೋಡಿ ಆ ಕಾಲದಲ್ಲಿ ಮನೆಮಾತಾಗಿದ್ದಿತು.

ಅಷ್ಟು ಜನ ಅಷ್ಟು ನಿರಂತರವಾಗಿ ಆಡಿದಾಗ ಆಟದ ಅಂತರಂಗದ ನ್ಯಾಯವೊಂದು ಎಲ್ಲರಿಗೂ ಮನದಟ್ಟಾಗದೆ ಇರಲಿಲ್ಲ. ಬಲೆಯ ಸಮೀಪದಲ್ಲಿ ನಿಂತ ಜೋಡಿಯೇ ಹೆಚ್ಚಿನ ಅಂಕಗಳನ್ನು ಗೆಲ್ಲುತ್ತದೆ, ಹಿಂಬದಿಯ ಗೋಡೆಯ ಬಳಿ ನಿಂತ ಜೋಡಿ ಸದಾ ಉತ್ತರ ಕೊಡುತ್ತಲೇ ಇರಬೇಕಾಗುತ್ತದೆ ಎಂಬುದೇ ಆ ನ್ಯಾಯ. ಹಿಂದೆ ನಿಂತವರಿಗೆ ಈ ಸ್ಥಿತಿಯಿಂದ ಬಿಡುಗಡೆ ದೊರೆಯಬೇಕಾದರೆ ಇರುವ ಮುಖ್ಯ ಉಪಾಯ ಲಾಬ್, ಅಂದರೆ ಮುಂದೆ ನಿಂತವರ ತಲೆಯ ಮೇಲಿಂದ ಎತ್ತರವಾಗಿ ಚೆಂಡನ್ನು ಕಳುಹಿಸುವುದು. ಆ ಚೆಂಡನ್ನು ಬಿಟ್ಟುಬಿಟ್ಟರೆ ಮುಂದಿನವರು ಹಿಂದಕ್ಕೆ ಓಡಬೇಕು, ಹಿಂದಿನವರು ಮುಂದಕ್ಕೆ ನಡೆದು ಬರುತ್ತಾರೆ; ಬಲದಿಂದ ಹೊಡೆದರೆ ಗೋಡೆ ಅದನ್ನು ಹಿಂದಿರುಗಿಸುತ್ತದೆ. ಈ ಉಭಯಸಂಕಟದ ನಡುವೆ ಮೂರನೆಯ ದಾರಿಯೊಂದು ಅಗತ್ಯವಾಯಿತು: ಚೆಂಡನ್ನು ಬಿಡಲೂ ಬಾರದು, ಅದರಿಂದ ಅಂಕವನ್ನು ಬೇಡಲೂ ಬಾರದು, ಬಲೆಯ ಬಳಿಯ ಸ್ಥಾನವನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದಷ್ಟನ್ನು ಮಾತ್ರ ಅದರಿಂದ ಪಡೆದುಕೊಳ್ಳಬೇಕು. ಬಾಂದೇಹಾ ಹುಟ್ಟಿದ್ದು ಈ ಅಗತ್ಯದಿಂದ. ಅದೇ ಅಳತೆಯ ಅಂಕಣದಲ್ಲಿ, ಅದೇ ಸಂಕಟವನ್ನು ಎದುರಿಸಿದ ಅಸಂಖ್ಯ ಕೈಗಳು ಕಂಡುಕೊಂಡ ಪರಿಹಾರ ಇದಾದುದರಿಂದ, ಒಬ್ಬ ವ್ಯಕ್ತಿಯ ಪ್ರತಿಭೆಗಿಂತ ಅಂಕಣದ ಒತ್ತಾಯವೇ ಅದಕ್ಕೆ ಜನ್ಮಕಾರಣವೆಂದು ಹೇಳುವುದು ಯುಕ್ತ.

ಹೊಡೆತದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಲಾಬ್ ಏಳುತ್ತಿದ್ದಂತೆಯೇ ಆಟಗಾರನು ಬಲೆಗೆ ಎದುರಾಗಿ ನಿಂತ ಮೈಯನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಬಲಗೈಯವನಾದರೆ ಎಡಭುಜ ಬಲೆಯ ಕಡೆಗೆ ಬರುತ್ತದೆ. ಹಿಂದಕ್ಕೆ ಹೋಗುವುದು ಅಡ್ಡಹೆಜ್ಜೆಗಳಿಂದಲೇ ಹೊರತು ಬೆನ್ನು ಹಾಕಿ ಓಡುವುದರಿಂದಲ್ಲ, ಹಿಮ್ಮುಖವಾಗಿ ತಡವರಿಸುವುದರಿಂದಲೂ ಅಲ್ಲ. ರ್ಯಾಕೆಟ್ ಹಿಡಿದ ಕೈ ಮೊಣಕೈಯನ್ನು ಎತ್ತರಿಸಿಕೊಂಡು ಚೆಂಡು ಇಳಿಯುವುದಕ್ಕೆ ಮುಂಚೆಯೇ ಸಿದ್ಧವಾಗಿರುತ್ತದೆ, ಇನ್ನೊಂದು ಕೈ ಚೆಂಡಿನ ಕಡೆಗೆ ಚಾಚಿ ದೂರವನ್ನು ಅಳೆಯುತ್ತದೆ. ಹಿಡಿತವು, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ವಾಲಿಗೂ ಸರ್ವ್‌ಗೂ ಉಪಯೋಗಿಸುವ ಕಾಂಟಿನೆಂಟಲ್ ಹಿಡಿತವೇ. ಸ್ಮ್ಯಾಶ್‌ನಲ್ಲಿ ತೋಳನ್ನು ಪೂರ್ಣವಾಗಿ ನೀಡಿ ನೆತ್ತಿಯ ಮೇಲೆ ಚೆಂಡನ್ನು ಸಂಧಿಸುವಂತೆ ಇಲ್ಲಿ ಸಂಧಿಸುವುದಿಲ್ಲ. ಚೆಂಡು ಇನ್ನೂ ಸ್ವಲ್ಪ ಇಳಿದು ಹೆಚ್ಚುಕಡಮೆ ತಲೆಯ ಮಟ್ಟಕ್ಕೆ ಬಂದಾಗ, ಮೈಗೆ ಪಕ್ಕದಲ್ಲಿ, ಕೊಂಚ ಮುಂದೆ ಅದನ್ನು ಮುಟ್ಟಬೇಕು. ರ್ಯಾಕೆಟ್ಟಿನ ಮುಖ ಸ್ವಲ್ಪ ತೆರೆದಿದ್ದು, ಚೆಂಡಿನ ಹಿಂಬದಿಯನ್ನೂ ಅಡಿಯನ್ನೂ ಸವರಿ, ಗುರಿಯ ದಿಕ್ಕಿನಲ್ಲಿ ದೀರ್ಘವಾಗಿ ಸಾಗಿ ಮುಕ್ತಾಯಗೊಳ್ಳುತ್ತದೆ. ಮೈಯ ಭಾರ ಹಿಂಗಾಲಿನಿಂದ ಮುಂಗಾಲಿಗೆ ಸರಿಯುತ್ತದೆ, ಆ ಸರಿಯುವಿಕೆಯ ಮುಂದುವರಿಕೆಯಾಗಿಯೇ ಆಟಗಾರನು ಬಲೆಯ ಕಡೆಗೆ ಮೊದಲ ಹೆಜ್ಜೆಯಿಡುತ್ತಾನೆ.

ಸವರಿ ಹೊಡೆಯುವುದರ ಪ್ರಯೋಜನವನ್ನು ಭೌತವಿಜ್ಞಾನ ಸ್ಪಷ್ಟಪಡಿಸುತ್ತದೆ. ಭ್ರಮಣವಿಲ್ಲದೆ ನೇರವಾಗಿ ಹೊಡೆದ ಚೆಂಡು ನೆಲವನ್ನು ತಾಗಿದಾಗ, ನೆಲದ ಘರ್ಷಣೆಯಿಂದ ಮುಂದಕ್ಕೆ ಉರುಳುವ ಭ್ರಮಣವನ್ನು ಪಡೆದುಕೊಳ್ಳುತ್ತದೆ. ಆ ಭ್ರಮಣವನ್ನು ಹೊತ್ತು ಗೋಡೆಗೆ ಬಡಿದಾಗ ಮೇಲಕ್ಕೆ ಏರಿ, ಹೊಡೆಯುವವನಿಗೆ ಅನುಕೂಲವಾದ ಎತ್ತರಕ್ಕೆ ಬರುತ್ತದೆ. ಹಿಮ್ಮುಖ ಭ್ರಮಣದಿಂದ ಹೊರಟ ಚೆಂಡು ನೆಲದಲ್ಲಿ ಆ ಭ್ರಮಣವನ್ನು ಬಹುಪಾಲು ಕಳೆದುಕೊಂಡರೂ, ಮುಮ್ಮುಖ ಭ್ರಮಣವನ್ನು ಅಷ್ಟಾಗಿ ಗಳಿಸುವುದಿಲ್ಲವಾದುದರಿಂದ, ತಗ್ಗಿನಲ್ಲಿಯೇ ಗೋಡೆಯನ್ನು ಮುಟ್ಟಿ ತಗ್ಗಿನಲ್ಲಿಯೇ ಹೊರಗೆ ಬರುತ್ತದೆ. ಅದನ್ನು ಎತ್ತಬೇಕಾದವನು ಮೊಣಕಾಲುಗಳನ್ನು ಮಡಿಸಬೇಕು, ಚೆಂಡಿನ ಅಡಿಗೆ ಹೋಗಬೇಕು, ಮೇಲ್ಮುಖವಾಗಿ ಆಡಬೇಕು. ಮೇಲ್ಮುಖವಾಗಿ ಬಂದ ಚೆಂಡು ಬಲೆಯ ಬಳಿ ನಿಂತವನಿಗೆ ಸುಲಭವಾದ ವಾಲಿ. ಅಲ್ಲದೆ, ಮಂದವಾಗಿ ಹೋಗುವ ಚೆಂಡು ಗೋಡೆಯನ್ನು ಮುಟ್ಟಿ ಬರುವಷ್ಟರಲ್ಲಿ ಹೊಡೆದವನು ತನ್ನ ಸ್ಥಾನವನ್ನು ಸೇರಿರುತ್ತಾನೆ. ಹೀಗೆ ಈ ಹೊಡೆತವು ಒಂದೇ ಕ್ರಿಯೆಯಿಂದ ಎದುರಾಳಿಯ ಎತ್ತರವನ್ನೂ ಕಸಿದು, ಹೊಡೆದವನಿಗೆ ಕಾಲಾವಕಾಶವನ್ನೂ ಒದಗಿಸುತ್ತದೆ.

ಅಂಕಣದ ಸಾಮಗ್ರಿ ಬದಲಾದಂತೆಲ್ಲ ಹೊಡೆತದ ಹದವೂ ಬದಲಾಗುತ್ತ ಬಂದಿತು. ಅರ್ಜೆಂಟೀನಾದ ಹಳೆಯ ಅಂಕಣಗಳ ಸಿಮೆಂಟಿನ ನೆಲ ಚೆಂಡನ್ನು ಚುರುಕಾಗಿ ಪುಟಿಸುತ್ತಿದ್ದಿತು, ಒರಟಾದ ಗೋಡೆ ಚೆಂಡಿನ ಭ್ರಮಣವನ್ನು ಹಿಡಿದುಕೊಳ್ಳುತ್ತಿದ್ದಿತು. ಮುಂದೆ ಸ್ಪೇನ್‌ನಲ್ಲಿ ಮರಳು ಹರಡಿದ ಕೃತಕ ಹುಲ್ಲಿನ ನೆಲವೂ, ಪ್ರೇಕ್ಷಕರಿಗೂ ದೂರದರ್ಶನದ ಕ್ಯಾಮೆರಾಗಳಿಗೂ ಒಳಗಿನ ಆಟ ಕಾಣಿಸುವಂತೆ ದಪ್ಪ ಗಾಜಿನ ಗೋಡೆಗಳೂ ರೂಢಿಗೆ ಬಂದುವು. ನುಣುಪಾದ ಗಾಜಿನ ಮೇಲೆ ಚೆಂಡು ಹೆಚ್ಚಾಗಿ ಜಾರುತ್ತದೆ. ಹುಲ್ಲಿನ ಮೇಲಣ ಮರಳು ಕಡಮೆಯಿದ್ದರೆ ಪುಟಿತ ಒಂದು ಬಗೆ, ಹೆಚ್ಚಿದ್ದರೆ ಇನ್ನೊಂದು ಬಗೆ. ರ್ಯಾಕೆಟ್ಟೂ ಮರದ ಹಲಗೆಯ ರೂಪವನ್ನು ಬಿಟ್ಟು, ಒಳಗೆ ಮೃದುವಾದ ಫೋಮ್, ಹೊರಗೆ ಗಾಜಿನ ನಾರು ಅಥವಾ ಕಾರ್ಬನ್ ನಾರಿನ ಹೊದಿಕೆಯುಳ್ಳದ್ದಾಯಿತು. ತಂತಿಗಳಿಲ್ಲದ, ರಂಧ್ರಗಳಿಂದ ಕೂಡಿದ ಅದರ ಉದ್ದ 45.5 ಸೆಂಟಿಮೀಟರನ್ನೂ, ದಪ್ಪ 38 ಮಿಲಿಮೀಟರನ್ನೂ ಮೀರಬಾರದೆಂಬುದು ನಿಯಮ. ಒರಟಾದ ಮುಖದ ಹೊಸ ರ್ಯಾಕೆಟ್ಟುಗಳು ಚೆಂಡಿಗೆ ಹೆಚ್ಚಿನ ಭ್ರಮಣವನ್ನು ಕೊಡಬಲ್ಲವಾದುದರಿಂದ, ಮೊದಲು ಕೇವಲ ಸ್ಥಾನರಕ್ಷಣೆಗೆ ಇದ್ದ ಬಾಂದೇಹಾದೊಳಗೆ ಕ್ರಮೇಣ ಪೀಡಿಸುವ ಗುಣವೂ ಸೇರಿಕೊಂಡಿತು.

ಆಟದ ಸಂಸ್ಥೆಗಳು ಇದೇ ಅವಧಿಯಲ್ಲಿ ರೂಪುಗೊಂಡುವು. ಅರ್ಜೆಂಟೀನಾ, ಸ್ಪೇನ್ ಮತ್ತು ಉರುಗ್ವೆ ದೇಶಗಳು ಸೇರಿ 1991ರಲ್ಲಿ ಅಂತರರಾಷ್ಟ್ರೀಯ ಪ್ಯಾಡೆಲ್ ಒಕ್ಕೂಟವನ್ನು ಸ್ಥಾಪಿಸಿದುವು. 1992ರಲ್ಲಿ ಸ್ಪೇನ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಅರ್ಜೆಂಟೀನಾದ ತಂಡ ಗೆದ್ದಿತು. 1993ರಲ್ಲಿ ಸ್ಪೇನ್ ಸರ್ಕಾರದ ಕ್ರೀಡಾಮಂಡಳಿ ಇದನ್ನು ಅಧಿಕೃತ ಕ್ರೀಡೆಯೆಂದು ಮನ್ನಿಸಿತು. ಆದರೆ ನಮ್ಮ ವಿಷಯಕ್ಕೆ ಈ ತಾರೀಖುಗಳಿಗಿಂತ ಮುಖ್ಯವಾದುದು ಆಮೇಲೆ ನಡೆದ ವಲಸೆ. 1990ರ ದಶಕದ ಉತ್ತರಾರ್ಧದಲ್ಲಿ ಅರ್ಜೆಂಟೀನಾದಲ್ಲಿ ಆಟದ ಉತ್ಸಾಹ ಇಳಿದು ಅನೇಕ ಅಂಕಣಗಳು ಮುಚ್ಚಿದುವು. 2001ರಲ್ಲಿ ಆ ದೇಶದ ಆರ್ಥಿಕ ವ್ಯವಸ್ಥೆಯೇ ಕುಸಿಯಿತು. ಜೀವನೋಪಾಯವನ್ನು ಅರಸಿ ಆಟಗಾರರೂ ಶಿಕ್ಷಕರೂ ಸ್ಪೇನ್‌ಗೆ ಬಂದು, ಅಲ್ಲಿಯ ಕ್ಲಬ್ಬುಗಳಲ್ಲಿ ಪಾಠ ಹೇಳುವುದನ್ನು ವೃತ್ತಿಯಾಗಿ ಮಾಡಿಕೊಂಡರು. ಗೋಡೆಯ ನಡುವೆ ತಮ್ಮ ಬಾಲ್ಯವನ್ನು ಕಳೆದವರು ಅನುಭವದಿಂದ ಕಲಿತದ್ದನ್ನು, ಟೆನ್ನಿಸ್‌ನಿಂದ ಬಂದ ವಯಸ್ಕ ಶಿಷ್ಯರಿಗೆ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಬೇಕಾಗಿ ಬಂದಾಗ, ಅಲಿಖಿತವಾಗಿದ್ದ ವಿದ್ಯೆ ಪಾಠಕ್ರಮವಾಯಿತು. ಬುಟ್ಟಿಯ ತುಂಬ ಚೆಂಡುಗಳನ್ನಿಟ್ಟುಕೊಂಡು, ಲಾಬ್‌ನ ಮೇಲೆ ಲಾಬ್ ಎಸೆದು, ಬಾಂದೇಹಾ ಹೊಡೆದು ಬಲೆಗೆ ಮರಳುವುದನ್ನು ಅಭ್ಯಾಸ ಮಾಡಿಸುವುದು ಇಂದಿಗೂ ಆ ಪಾಠಕ್ರಮದ ಒಂದು ಪ್ರಧಾನ ಅಂಗ.

ಈ ವಲಸೆಯ ತಲೆಮಾರಿನ ಶಿಖರಪ್ರಾಯರಾದವರು ಪೆಹುವಾಹೊ ಎಂಬ ಊರಿನ ಫೆರ್ನಾಂದೊ ಬೆಲಾಸ್ತೆಗಿನ್ ಮತ್ತು ಮಾರ್ ದೆಲ್ ಪ್ಲಾತಾದ ಹುವಾನ್ ಮಾರ್ತಿನ್ ದಿಯಾಸ್. ಇವರಿಬ್ಬರ ಜೋಡಿ 13 ವರ್ಷಗಳ ಕಾಲ ಜಗತ್ತಿನ ಅಗ್ರಸ್ಥಾನದಲ್ಲಿದ್ದು 2014ರ ಕೊನೆಯಲ್ಲಿ ಬೇರ್ಪಟ್ಟಿತು. ಬೆಲಾಸ್ತೆಗಿನ್ ಅವರಂತೂ ಒಟ್ಟು 16 ವರ್ಷ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ದಿಯಾಸ್ ಎಡಗೈಯವರಾಗಿ ಬಲಪಕ್ಕದಲ್ಲಿಯೂ, ಬೆಲಾಸ್ತೆಗಿನ್ ಬಲಗೈಯವರಾಗಿ ಎಡಪಕ್ಕದಲ್ಲಿಯೂ ಆಡುತ್ತಿದ್ದುದರಿಂದ, ಅಂಕಣದ ನಡುವೆ ಬರುವ ಲಾಬ್‌ಗೆ ಇಬ್ಬರಲ್ಲಿ ಯಾರಾದರೂ ತಮ್ಮ ಪ್ರಬಲವಾದ ಪಕ್ಕದಿಂದ ಉತ್ತರ ಕೊಡಬಹುದಾಗಿದ್ದಿತು. ದಿಯಾಸ್ ಅವರ ಸ್ಮ್ಯಾಶನ್ನೂ, ಅಂಕಣದ ಬಾಗಿಲಿನಿಂದ ಹೊರಗೋಡಿ ಚೆಂಡನ್ನು ಒಳಕ್ಕೆ ಮರಳಿಸುವ ಸಾಹಸವನ್ನೂ ಜನ ಮೆಚ್ಚಿ ನೋಡಿದರು. ಆದರೆ ಅಷ್ಟು ದೀರ್ಘಕಾಲದ ಪ್ರಭುತ್ವ ಕೇವಲ ಸಾಹಸದಿಂದ ಸಿದ್ಧಿಸತಕ್ಕದ್ದಲ್ಲ, ಬಲೆಯ ಬಳಿಯ ಸ್ಥಾನವನ್ನು ಗಂಟೆಗಟ್ಟಲೆ ಕಳೆದುಕೊಳ್ಳದಿರುವ ಶಿಸ್ತಿನಿಂದ ಸಿದ್ಧಿಸತಕ್ಕದ್ದು. ಮಹಿಳೆಯರ ಆಟದಲ್ಲಿ ಮಾಲಗಾದ ಕರೊಲಿನಾ ನವಾರೊ ಮತ್ತು ಅರ್ಜೆಂಟೀನಾದ ಸೆಸಿಲಿಯಾ ರೇಟೆರ್ ಅವರ ಜೋಡಿ ಹಲವು ವರ್ಷ ಅಗ್ರಸ್ಥಾನದಲ್ಲಿ ನಿಂತು ಇದೇ ಸತ್ಯವನ್ನು ಸ್ಥಾಪಿಸಿತು.

ಬೇರೂರಿದ ವಿದ್ಯೆ ಕವಲೊಡೆಯುವುದು ಸಹಜ. ವೀಬೊರಾ ಎಂಬ ಹೊಡೆತದಲ್ಲಿ ಆಟಗಾರನು ಅದೇ ಪಕ್ಕದ ನಿಲುವಿನಿಂದ, ಆದರೆ ಹೆಚ್ಚು ವೇಗದಿಂದಲೂ ಮಣಿಕಟ್ಟಿನ ಚುರುಕಿನಿಂದಲೂ, ಚೆಂಡಿನ ಹೊರಮೈಯನ್ನು ಸವರಿ ಅದಕ್ಕೆ ಅಡ್ಡಭ್ರಮಣವನ್ನು ಕೊಡುತ್ತಾನೆ. ಅದು ಪಕ್ಕದ ಗಾಜನ್ನು ತಾಗಿ ಅನಿರೀಕ್ಷಿತವಾಗಿ ಓರೆಯಾಗಿ ಹೊರಡುತ್ತದೆ. ಚೆಂಡು ಮೈಯಿಂದಾಚೆಗೆ, ಹಿಂಗೈಯ ಪಕ್ಕದ ಮೇಲೆ ಹಾದುಹೋಗುವಾಗ ತೋಳನ್ನು ನೆತ್ತಿಯ ಮೇಲೆ ಕಮಾನಾಗಿ ಬಾಗಿಸಿ ಆಡುವ ಗಾಂಚೊ ಮತ್ತೊಂದು. ಇವುಗಳೆಲ್ಲ ಬಾಂದೇಹಾದ ನಿಲುವಿನಿಂದಲೇ ಹೊರಟವಾದುದರಿಂದ, ಮೂಲವನ್ನು ಕಲಿಯದವನಿಗೆ ಕವಲುಗಳು ದಕ್ಕುವುದಿಲ್ಲ. ವೀಬೊರಾದ ಆಕರ್ಷಣೆಗೆ ಒಳಗಾಗಿ ಬಾಂದೇಹಾದ ಅಭ್ಯಾಸವನ್ನು ಅರ್ಧದಲ್ಲಿಯೇ ಬಿಟ್ಟ ಶಿಷ್ಯನ ಕೈಯಲ್ಲಿ ಚೆಂಡು ಒಮ್ಮೆ ಬಲೆಗೆ, ಒಮ್ಮೆ ನೇರವಾಗಿ ಹಿಂದಿನ ಗಾಜಿಗೆ ಹೋಗುವುದನ್ನು ಎಲ್ಲ ಶಿಕ್ಷಕರೂ ಬಲ್ಲರು.

ಬಲವು ಮತ್ತೆ ತನ್ನ ಹಕ್ಕನ್ನು ಕೇಳಿದ ಕಾಲವೂ ಬಂದಿತು. 2005ರಿಂದ ಪ್ಯಾಡೆಲ್ ಪ್ರೊ ಟೂರ್, 2013ರಿಂದ ವರ್ಲ್ಡ್ ಪ್ಯಾಡೆಲ್ ಟೂರ್, 2022ರಿಂದ ಪ್ರೀಮಿಯರ್ ಪ್ಯಾಡೆಲ್ ಎಂಬ ವೃತ್ತಿಪರ ಪಂದ್ಯಾವಳಿಗಳು ನಡೆದು, ಬಾಲ್ಯದಿಂದಲೇ ಅಂಗಸಾಧನೆ ಮಾಡಿದ ಎತ್ತರದ ಆಟಗಾರರು ಕಣಕ್ಕೆ ಇಳಿದರು. ನೆಲದಲ್ಲಿ ಪುಟಿದ ಚೆಂಡು 3 ಮೀಟರ್ ಎತ್ತರದ ಪಕ್ಕದ ಜಾಲರಿಯನ್ನು ದಾಟಿ ಹೊರಗೆ ಹಾರುವಂತೆ ಹೊಡೆಯುವ ಸ್ಮ್ಯಾಶ್, ಸ್ಪ್ಯಾನಿಷಿನಲ್ಲಿ ಪೊರ್ ತ್ರೆಸ್, ಅವರ ಕೈಯಲ್ಲಿ ಸಾಮಾನ್ಯವಾಯಿತು. 2019ರಲ್ಲಿ ಪುರುಷರ ಆಟದ ಅಗ್ರಸ್ಥಾನಕ್ಕೇರಿದ ಮೊದಲ ಸ್ಪೇನ್ ಆಟಗಾರನೆನಿಸಿದ ಹುವಾನ್ ಲೆಬ್ರೋನ್, ಮುಂದೆ ಅವರ ಜೊತೆಗಾರರಾಗಿದ್ದ ಅಲೆಹಾಂದ್ರೊ ಗಾಲಾನ್, ಆಮೇಲೆ ಬಂದ ಆರ್ತುರೊ ಕೊಯೆಯೊ ಮತ್ತು ಅಗುಸ್ತಿನ್ ತಾಪಿಯಾ, ಇವರೆಲ್ಲರ ಆಟವನ್ನು ನೋಡಿದವರಿಗೆ ರಕ್ಷಣಾತ್ಮಕ ಹೊಡೆತದ ಕಾಲ ಮುಗಿಯಿತೆಂಬ ಭಾವನೆ ಬರಬಹುದು. ಆದರೆ ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಸ್ಮ್ಯಾಶ್ ಹೊಡೆಯುವವರು ಬಲಿಷ್ಠರಾದಷ್ಟೂ ಎದುರಾಳಿಗಳ ಲಾಬ್‌ಗಳು ಹೆಚ್ಚು ಎತ್ತರವೂ ಹೆಚ್ಚು ಆಳವೂ ಆದುವು. ಹಿಂಬದಿಯ ಗಾಜಿನ ಹತ್ತಿರ ಇಳಿಯುವ ಅಂತಹ ಚೆಂಡುಗಳಿಗೆ ಸ್ಮ್ಯಾಶ್ ಸಲ್ಲುವುದಿಲ್ಲ. ಕೊಯೆಯೊ ಅವರಷ್ಟು ಎತ್ತರದ, ಎಡಗೈ ಬಲವುಳ್ಳ ಆಟಗಾರರೂ ಪಂದ್ಯವೊಂದರಲ್ಲಿ ತಾಳ್ಮೆಯಿಂದ ಅನೇಕ ಬಾಂದೇಹಾಗಳನ್ನು ಆಡಿ, ತಕ್ಕ ಚೆಂಡು ಬಂದಾಗ ಮಾತ್ರ ಬಲವನ್ನು ಪ್ರಯೋಗಿಸುತ್ತಾರೆ. ಬಲವು ಫಲಿಸುವ ಆ ಕ್ಷಣವನ್ನು ದೊರಕಿಸಿಕೊಡುವುದೇ ಈ ವಿನಯಶೀಲವಾದ ಹೊಡೆತ.

ಇಷ್ಟು ಚರಿತ್ರೆಯನ್ನು ಅರಿತವನಿಗೆ ತನ್ನ ಹೊಡೆತವನ್ನು ಎಲ್ಲಿ ತಿದ್ದಿಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಮೊದಲನೆಯದು ನಿರ್ಣಯ. ಬಲೆಯಿಂದ 6.95 ಮೀಟರ್ ದೂರದಲ್ಲಿ ಎಳೆದ ಸರ್ವ್ ಗೆರೆಯ ಆಸುಪಾಸಿನಲ್ಲಿ ಇಳಿಯುವ ಚೆಂಡು ಬಾಂದೇಹಾಕ್ಕೆ ತಕ್ಕದ್ದು; ಅದಕ್ಕಿಂತ ಬಹಳ ಮುಂದೆ ಇಳಿಯುವುದನ್ನು ಆಕ್ರಮಣಕ್ಕೆ ಬಳಸಬಹುದು; ಬಹಳ ಹಿಂದೆ ಇಳಿಯುವುದನ್ನು ಗೋಡೆಗೆ ಬಿಟ್ಟು, ಅದು ಹಿಂದಿರುಗಿದ ಮೇಲೆ ಆಡುವುದೇ ಲೇಸು. ಎರಡನೆಯದು ಸಿದ್ಧತೆ. ಹೊಡೆತ ಕೆಡುವುದು ಬಹುಮಟ್ಟಿಗೆ ಕೈಯಿಂದಲ್ಲ, ತಡವಾಗಿ ತಿರುಗಿದ ಮೈಯಿಂದ. ಲಾಬ್ ಎದ್ದ ಕ್ಷಣದಲ್ಲಿಯೇ ಭುಜ ತಿರುಗಿ ರ್ಯಾಕೆಟ್ ಮೇಲೆದ್ದಿದ್ದರೆ ಉಳಿದುದೆಲ್ಲ ಸಾವಕಾಶವಾಗಿ ನಡೆಯುತ್ತದೆ. ಮೂರನೆಯದು ಗುರಿ. ಮೂಲೆಯ ಹತ್ತಿರ, ಆಳವಾಗಿ ಪುಟಿದು, ಆಮೇಲೆ ಗಾಜನ್ನು ತಗ್ಗಿನಲ್ಲಿ ಮುಟ್ಟುವ ಚೆಂಡು ಶ್ರೇಷ್ಠ. ಅಂಕಣದ ನಡುವೆ ಬಿದ್ದು ಸೊಂಟದೆತ್ತರಕ್ಕೆ ಏಳುವ ಚೆಂಡು ಎಷ್ಟೇ ವೇಗದ್ದಾದರೂ ಕನಿಷ್ಠ. ನಾಲ್ಕನೆಯದು, ಇವೆಲ್ಲಕ್ಕಿಂತ ಹೆಚ್ಚಿನದು, ಹಿಂದಿರುಗುವಿಕೆ. ಬಾಂದೇಹಾ ಹೊಡೆದು ನಿಂತಲ್ಲಿಯೇ ನಿಂತು ಅದರ ಪರಿಣಾಮವನ್ನು ನೋಡುತ್ತಿರುವವನು ಆ ಹೊಡೆತದ ಅರ್ಥವನ್ನೇ ಅರಿಯದವನು. ಸ್ಥಾನಕ್ಕೆ ಮರಳದಿದ್ದ ಮೇಲೆ ಸ್ಥಾನರಕ್ಷಣೆಯ ಹೊಡೆತದಿಂದ ಏನು ಪ್ರಯೋಜನ?

ಈಚಿನ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಗಾಜಿನ ಗೋಡೆಯ ಪ್ಯಾಡೆಲ್ ಅಂಕಣಗಳು ಎದ್ದು, ಟೆನ್ನಿಸ್ ಮತ್ತು ಶಟ್ಲ್ ಬ್ಯಾಡ್ಮಿಂಟನ್ ಆಡಿ ಪಳಗಿದವರು ಅಲ್ಲಿಗೆ ಬರುತ್ತಿದ್ದಾರೆ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆ ಅವರ ನಗರದಲ್ಲಿ ಬ್ಯಾಡ್ಮಿಂಟನ್ ಸಂಸ್ಕಾರ ಆಳವಾಗಿ ಬೇರೂರಿರುವುದು ಸಂತೋಷದ ಸಂಗತಿಯೇ. ಆ ಆಟ ಕೊಡುವ ಚುರುಕುಗಣ್ಣೂ ಲಘುವಾದ ಹೆಜ್ಜೆಯೂ ಇಲ್ಲಿ ಬಹಳ ಉಪಯುಕ್ತ. ಆದರೆ ಶಟ್ಲ್ ನೆಲವನ್ನು ಮುಟ್ಟಿತೆಂದರೆ ಅಲ್ಲಿ ಅಂಕ ಮುಗಿಯಿತು. ಪ್ಯಾಡೆಲ್‌ನಲ್ಲಿ ಚೆಂಡು ನೆಲವನ್ನು ಮುಟ್ಟಿದ ಮೇಲೆ ಆಟದ ಅರ್ಧಭಾಗ ಇನ್ನೂ ಉಳಿದಿರುತ್ತದೆ. ಆದ್ದರಿಂದ ನೆತ್ತಿಯ ಮೇಲಿನ ಚೆಂಡನ್ನು ಕಂಡೊಡನೆ ಕೆಳಕ್ಕೆ ಬಡಿಯುವ ಅಭ್ಯಾಸವನ್ನು ಹೊಸಬರು ಮೊದಲು ಸಡಿಲಿಸಿಕೊಳ್ಳಬೇಕು. ಅಕಾಪುಲ್ಕೋದಿಂದ ಮಾರ್ಬೆಯಾಕ್ಕೆ, ಅಲ್ಲಿಂದ ಅರ್ಜೆಂಟೀನಾಕ್ಕೆ, ಮತ್ತೆ ಸ್ಪೇನ್‌ಗೆ ಅಲೆದು ಅರ್ಧ ಶತಮಾನದಲ್ಲಿ ಸಂಚಿತವಾದ ಅನುಭವ ಈಗ ಅವರಿಗೆ ಸಿದ್ಧರೂಪದಲ್ಲಿ ಲಭ್ಯವಿದೆ. ಸ್ಮ್ಯಾಶನ್ನು ಕಲಿಯುವುದಕ್ಕೆ ಮುಂಚೆ ಬಾಂದೇಹಾವನ್ನು ಕಲಿತು, ಹತ್ತು ಲಾಬ್‌ಗಳು ಬಂದರೂ ಹತ್ತು ಬಾರಿಯೂ ಬಲೆಯ ಬಳಿಗೆ ಮರಳಬಲ್ಲೆನೆಂಬ ಧೈರ್ಯವನ್ನು ಗಳಿಸಿಕೊಂಡವರಿಗೆ ಅಂಕಗಳಿಗಾಗಿ ಆತುರಪಡುವ ಅಗತ್ಯ ಬೀಳುವುದಿಲ್ಲ. ಎದುರಾಳಿಯ ತಾಳ್ಮೆ ತಪ್ಪಿದಾಗ ಅಂಕವು ಅವರಿದ್ದಲ್ಲಿಗೇ ಬರುತ್ತದೆ.